ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಕಡಲಾಳದ ಎಣ್ಣೆ ಬೇಡ ಎಂದವರ ಲೆಕ್ಕಾಚಾರ

ದಕ್ಷಿಣ ಆಫ್ರಿಕಾದ ‘ವೈಲ್ಡ್ ಕೋಸ್ಟ್’ ಕರಾವಳಿಯ ಹಳ್ಳಿಗರು ಶೆಲ್ ಕಂಪನಿಯ ಎಣ್ಣೆ ಹುಡುಕಾಟವನ್ನು ಕೋರ್ಟಿನಲ್ಲಿ ತಡೆದ ಸುದ್ದಿಯನ್ನು ಪ್ರಸ್ತಾಪಿಸಿ ಹಲವು ಪತ್ರಗಳು ಬಂದಿವೆ. ಆಯ್ದ ಎಂಟಕ್ಕೆ ಇಲ್ಲಿ ಉತ್ತರವಿದೆ. ಕಡಲು, ಕಾನೂನು, ಮೀನುಗಾರಿಕೆ ಈ ಮೂರನ್ನೂ ಬಲ್ಲವರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ಜಗತ್ತಿನ ದೊಡ್ಡ ಎಣ್ಣೆ ಕಂಪನಿಯೊಂದನ್ನು ಹಳ್ಳಿಯ ಬಡ ಮೀನುಗಾರರು ತಡೆದರು ಎಂದರೆ ನಂಬುವುದು ಕಷ್ಟ. ನಿಜಕ್ಕೂ ಅಲ್ಲಿ ಗೆದ್ದದ್ದು ಯಾವ ವಾದ? ಪರಿಸರದ್ದೇ?
— ಕಾನೂನು ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಪರಿಸರದ ವಾದವೂ ಇತ್ತು, ಆದರೆ ಬಾಗಿಲು ತೆರೆದದ್ದು ಅದಲ್ಲ. ‘ನಮ್ಮನ್ನು ಯಾರೂ ಕೇಳಲಿಲ್ಲ’ ಎಂಬ ಸರಳ ಮಾತು.

2014ರಲ್ಲಿ ಇಂಪ್ಯಾಕ್ಟ್ ಆಫ್ರಿಕಾ ಎಂಬ ಕಂಪನಿಗೆ ಅಲ್ಲಿನ ಸರ್ಕಾರ ಎಣ್ಣೆ ಹುಡುಕುವ ಹಕ್ಕು ಕೊಟ್ಟಿತು. 2017ರಲ್ಲಿ, ಮತ್ತೆ 2021ರಲ್ಲಿ ಅದು ನವೀಕರಣವಾಯಿತು. ಆ ಹಕ್ಕಿನ ಮೇಲೆ ಶೆಲ್, 2021ರ ಡಿಸೆಂಬರ್ 1ರಿಂದ ಸುಮಾರು 6,000 ಚದರ ಕಿಲೋಮೀಟರ್ ಕಡಲಿನಲ್ಲಿ ಸೀಸ್ಮಿಕ್ ಸರ್ವೆ (ಶಬ್ದ ಹಾಯಿಸಿ ಕಡಲತಳದ ಬಂಡೆ ಅಳೆಯುವುದು) ಮಾಡುವುದಾಗಿ ಪ್ರಕಟಿಸಿತು. ಕರಾವಳಿಯ ಬಹುಪಾಲು ಜನರಿಗೆ ವಿಷಯ ಗೊತ್ತಾದದ್ದೇ ಆಗ, ಅಂದರೆ ಹಡಗು ಹೊರಡುವ ಹೊತ್ತಿಗೆ.

ಇಲ್ಲಿ ಎರಡು ಅರ್ಜಿಗಳ ಕಥೆಯನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಮೊದಲ ಅರ್ಜಿಯನ್ನು ಗಾಳ ಮೀನುಗಾರರ ಮತ್ತು ಪರಿಸರ ಸಂಘಟನೆಗಳು ಹಾಕಿದವು. ಕಡಲಜೀವಿಗಳಿಗೆ ಸರಿಪಡಿಸಲಾಗದ ಹಾನಿ ಆಗುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದು ಡಿಸೆಂಬರ್ 3ರಂದು ಅದು ವಜಾ ಆಯಿತು. ಎರಡನೆಯ ಅರ್ಜಿಯಲ್ಲಿ ದ್ವೆಸಾ–ಕ್ವೆಬೆ, ಅಮಾದಿಬಾ ಮುಂತಾದ ಹಳ್ಳಿಗಳ ಜನರೇ ಮುಂದೆ ನಿಂತರು. ವಿಜ್ಞಾನಿಗಳ ಪ್ರಮಾಣಪತ್ರಗಳ ಜೊತೆಗೆ ಮೀನು ಹಿಡಿಯುವವರ, ಸಮುದ್ರದ ನೀರನ್ನು ಮದ್ದಿಗೆ ಬಳಸುವ ನಾಟಿ ವೈದ್ಯರ ಪ್ರಮಾಣಪತ್ರಗಳೂ ಹೋದವು. ಡಿಸೆಂಬರ್ 28ರಂದು ಮಖಾಂಡಾ ಹೈಕೋರ್ಟ್ ಸರ್ವೆಗೆ ತಡೆ ಕೊಟ್ಟಿತು. ನಡುವೆ ಇದ್ದದ್ದು 25 ದಿನ ಮಾತ್ರ. ಕಡಲು ಅದೇ, ಹಡಗು ಅದೇ. ಬದಲಾದದ್ದು ಅರ್ಜಿದಾರ ಯಾರು ಮತ್ತು ಏನು ಸಾಬೀತು ಮಾಡಬೇಕು ಎಂಬುದು.

2022ರ ಸೆಪ್ಟೆಂಬರ್ 1ರಂದು ಅದೇ ಹೈಕೋರ್ಟಿನ ಪೂರ್ಣಪೀಠ ಆ ಹಕ್ಕನ್ನೇ ರದ್ದು ಮಾಡಿತು. ತೀರ್ಪಿನ ತಿರುಳು ಕೇಳಿ. ಪ್ರಕಟಣೆಗಳು ಬಂದದ್ದು ಇಂಗ್ಲಿಷ್ ಮತ್ತು ಆಫ್ರಿಕಾನ್ಸ್ ಪತ್ರಿಕೆಗಳಲ್ಲಿ. ಅಲ್ಲಿನ ಜನ ಆಡುವುದು ಖೋಸಾ ಮತ್ತು ಎಂಪೊಂಡೊ ನುಡಿ. ಪತ್ರಿಕೆ ಕೈಗೆ ಸಿಕ್ಕುವುದೂ ಅಪರೂಪ. ಕಂಪನಿಯವರು ಅರಸರನ್ನು, ಮುಖಂಡರನ್ನು ಕಂಡು ಬಂದಿದ್ದರು. ಮುಖಂಡನನ್ನು ಕೇಳಿದರೆ ಊರನ್ನು ಕೇಳಿದಂತೆ ಎಂಬ ಲೆಕ್ಕವನ್ನು ನ್ಯಾಯಾಲಯ ಒಪ್ಪಲಿಲ್ಲ. ಆ ಜನರ ನಂಬಿಕೆಯಲ್ಲಿ ಕಡಲು ಹಿರಿಯರ ಆತ್ಮಗಳು ನೆಲೆಸುವ ಜಾಗ. ಅದನ್ನೂ, ಹವಾಮಾನ ಬದಲಾವಣೆಯನ್ನೂ ಅಧಿಕಾರಿಗಳು ಗಣನೆಗೇ ತೆಗೆದುಕೊಂಡಿರಲಿಲ್ಲ.

ಆದರೆ ಇದನ್ನು ಪೂರ್ಣ ಗೆಲುವು ಎಂದು ಬರೆಯುವವರ ಬಗ್ಗೆ ಎಚ್ಚರವಿರಲಿ. 2024ರ ಜೂನ್ 3ರಂದು ಮೇಲ್ಮನವಿ ನ್ಯಾಯಾಲಯ ‘ಹಕ್ಕು ಕೊಟ್ಟ ರೀತಿ ಕಾನೂನುಬಾಹಿರ’ ಎಂಬುದನ್ನು ಎತ್ತಿಹಿಡಿಯಿತು, ಆದರೆ ರದ್ದತಿಯನ್ನು ಅಮಾನತಿನಲ್ಲಿಟ್ಟು, ಜನರನ್ನು ಸರಿಯಾಗಿ ಕೇಳಿ ನವೀಕರಣ ಅರ್ಜಿಯನ್ನು ಪರಿಶೀಲಿಸಲು ದಾರಿ ಬಿಟ್ಟಿತು. ವಿಧಾನದ ಲೋಪದ ಮೇಲೆ ಗೆದ್ದರೆ ಇದೇ ತೊಡಕು. ಎದುರಾಳಿ ಲೋಪ ಸರಿಪಡಿಸಿಕೊಂಡು ಮತ್ತೆ ಬರಬಹುದು. ಹಳ್ಳಿಗರು ಅದಕ್ಕೇ ಸಂವಿಧಾನ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು.

ಇನ್ನೊಂದು ಮಾತು. ಈ ಜನ ಒಂದು ತಿಂಗಳಲ್ಲಿ ಸಂಘಟಿತರಾದವರಲ್ಲ. ಜೊಲೊಬೆನಿಯ ಮರಳು ದಿಬ್ಬಗಳಲ್ಲಿ ಟೈಟಾನಿಯಂ ಗಣಿಗಾರಿಕೆ ವಿರೋಧಿಸಲು 2007ರಲ್ಲೇ ಅಮಾದಿಬಾ ಕ್ರೈಸಿಸ್ ಕಮಿಟಿ ಹುಟ್ಟಿತ್ತು. ಅದರ ಅಧ್ಯಕ್ಷ ಸಿಖೊಸಿಫಿ ರಾಡೆಬೆ 2016ರ ಮಾರ್ಚ್‌ನಲ್ಲಿ ಕೊಲೆಯಾದರು. ಶೆಲ್ ವಿರುದ್ಧದ ಹೋರಾಟಕ್ಕಾಗಿ ನೊನ್‌ಹ್ಲೆ ಎಂಬುತುಮಾ ಮತ್ತು ಸಿನೆಗುಗು ಜುಕುಲು ಅವರಿಗೆ 2024ರ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. 25 ದಿನದ ಗೆಲುವಿನ ಹಿಂದೆ ಹದಿನಾಲ್ಕು ವರ್ಷದ ಸಭೆಗಳಿದ್ದವು.

ಪ್ರಶ್ನೆ: ಸರ್ವೆ ಎಂದರೆ ಬರೀ ಅಳತೆ ತಾನೇ? ಬಾವಿ ಕೊರೆಯುವ ಮೊದಲೇ ಇಷ್ಟು ಗಲಾಟೆ ಯಾಕೆ? ಮೀನು ಓಡಿಹೋಗುತ್ತದೆ ಎಂಬುದು ನಿಜವೇ?
— ಗಿಲ್‌ನೆಟ್ ದೋಣಿ ಮಾಲೀಕರು, ಭಟ್ಕಳ

ಉತ್ತರ: ಅಳತೆಯೇ, ಆದರೆ ಅಳತೆಕೋಲು ಶಬ್ದ.

ಹಡಗಿನ ಹಿಂದೆ ನೀರಿನ ಐದರಿಂದ ಹತ್ತು ಮೀಟರ್ ಆಳದಲ್ಲಿ ಏರ್‌ಗನ್‌ಗಳ ಸಾಲು ಇರುತ್ತದೆ. ಲಾರಿ ಟೈರಿನಲ್ಲಿರುವುದಕ್ಕಿಂತ ಸುಮಾರು ಇಪ್ಪತ್ತು ಪಟ್ಟು ಹೆಚ್ಚು, ಅಂದರೆ ಚದರ ಅಂಗುಲಕ್ಕೆ 2,000 ಪೌಂಡಿನಷ್ಟು ಒತ್ತಡದ ಗಾಳಿಯನ್ನು ಅವು ಒಮ್ಮೆಗೇ ಬಿಡುತ್ತವೆ. ಆ ಗುಳ್ಳೆ ಸಿಡಿದ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ತಳಕ್ಕೆ ಹೋಗಿ, ಬಂಡೆಯ ಪದರಗಳಿಗೆ ಬಡಿದು ಮರಳುತ್ತದೆ. ಅದನ್ನು ಹಿಡಿಯಲು ಹಡಗಿನ ಹಿಂದೆ ಹಲವು ಕಿಲೋಮೀಟರ್ ಉದ್ದದ ಕೇಬಲ್‌ಗಳು ತೇಲುತ್ತಿರುತ್ತವೆ. ಹಡಗಿನ ವೇಗ ಗಂಟೆಗೆ ಒಂಬತ್ತು ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಹತ್ತು ಸೆಕೆಂಡಿಗೊಂದು ಸಿಡಿತ ಎಂದರೆ ಪ್ರತಿ 25 ಮೀಟರಿಗೆ ಒಂದು. ವೈಲ್ಡ್ ಕೋಸ್ಟ್‌ನಲ್ಲಿ ಯೋಜಿಸಿದ್ದು ಹತ್ತರಿಂದ ಇಪ್ಪತ್ತು ಸೆಕೆಂಡಿಗೊಂದು ಸಿಡಿತ, ಹಗಲಿರುಳು, ನಾಲ್ಕೈದು ತಿಂಗಳು.

ಪತ್ರಿಕೆಗಳಲ್ಲಿ ‘220 ಡೆಸಿಬೆಲ್, ಜೆಟ್ ವಿಮಾನಕ್ಕಿಂತ ಜೋರು’ ಎಂದು ಬರೆಯುತ್ತಾರೆ. ಈ ಹೋಲಿಕೆ ತಪ್ಪು. ನೀರಿನ ಡೆಸಿಬೆಲ್ಲಿಗೂ ಗಾಳಿಯ ಡೆಸಿಬೆಲ್ಲಿಗೂ ಮೂಲ ಅಳತೆಯೇ ಬೇರೆ. ನೀರಿನ ಅಂಕಿಯಿಂದ ಸುಮಾರು 62 ಕಳೆದು ಗಾಳಿಯ ಅಂಕಿಯ ಪಕ್ಕ ಇಡಬೇಕು. ಆಗಲೂ 158 ಉಳಿಯುತ್ತದೆ, ಅದೇನೂ ಪಿಸುಮಾತಲ್ಲ. ಸಭೆಯಲ್ಲಿ ಮಾತಾಡುವವರು ಈ ಲೆಕ್ಕ ತಿಳಿದಿರಬೇಕು. ಒಂದು ತಪ್ಪು ಅಂಕಿ ಸಿಕ್ಕಿದರೆ ಕಂಪನಿಯ ತಜ್ಞ ಉಳಿದ ಹತ್ತು ಸರಿ ಮಾತನ್ನೂ ಹೊಡೆದುಹಾಕುತ್ತಾನೆ.

ಮೀನಿನ ವಿಚಾರ. ನಾರ್ವೆಯ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದಲ್ಲಿ 1990ರ ದಶಕದಲ್ಲಿ ನಡೆಸಿದ ಪ್ರಯೋಗದಲ್ಲಿ, ಏರ್‌ಗನ್ ಶುರುವಾದ ಮೇಲೆ ಟ್ರಾಲ್ ಬಲೆಗೆ ಸಿಕ್ಕುವ ಕಾಡ್ ಮತ್ತು ಹ್ಯಾಡಕ್ ಮೀನು ಸರಾಸರಿ ಅರ್ಧಕ್ಕೆ ಇಳಿಯಿತು. 18 ನಾಟಿಕಲ್ ಮೈಲಿ ದೂರದವರೆಗೂ ಪರಿಣಾಮ ಕಂಡಿತು, ಸಿಡಿತ ನಿಂತ ಐದು ದಿನಗಳಲ್ಲೂ ಮೀನು ಸಿಕ್ಕುವುದು ಮೊದಲಿನಂತಾಗಲಿಲ್ಲ. ಟಾಸ್ಮೇನಿಯಾ ಬಳಿ ನಡೆದು 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಒಂದೇ ಒಂದು ಏರ್‌ಗನ್ ಹಾದುಹೋದ ಮೇಲೆ 1.2 ಕಿಲೋಮೀಟರ್‌ವರೆಗೂ ಪ್ರಾಣಿಪ್ಲವಕಗಳು (ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ಕಡಿಮೆಯಾಗಿದ್ದವು, ಸತ್ತವುಗಳ ಪ್ರಮಾಣ ಎರಡು ಮೂರು ಪಟ್ಟು ಏರಿತ್ತು. ಬೂತಾಯಿ, ಬಂಗುಡೆಗಳ ಊಟ ಅದೇ ಪ್ಲವಕ. ಎಲ್ಲ ಅಧ್ಯಯನಗಳೂ ಇಷ್ಟೇ ಪರಿಣಾಮ ಕಂಡಿಲ್ಲ. ಮೀನಿನ ಜಾತಿ, ನೀರಿನ ಆಳ, ಋತು ಬದಲಾದರೆ ಫಲಿತಾಂಶವೂ ಬದಲಾಗುತ್ತದೆ.

ನಿಮ್ಮಂಥವರಿಗೆ ಶಬ್ದಕ್ಕಿಂತ ಮೊದಲು ತಟ್ಟುವುದು ಕೇಬಲ್. ಅಷ್ಟುದ್ದದ ಬಾಲ ಕಟ್ಟಿಕೊಂಡ ಹಡಗು ತಟ್ಟನೆ ತಿರುಗಲಾರದು, ನಿಲ್ಲಲಾರದು. ಆದ್ದರಿಂದ ಅದರ ಜೊತೆಗಿರುವ ಕಾವಲು ದೋಣಿಗಳು ದಾರಿಯಲ್ಲಿರುವ ಬಲೆ ಎತ್ತಿಸುತ್ತವೆ. ರಾತ್ರಿ ಬೀಡುಬಿಟ್ಟ ಗಿಲ್‌ನೆಟ್‌ಗೆ ದೀಪದ ಬೋಯಾ (ತೇಲುಗುಂಡು) ಇಲ್ಲದಿದ್ದರೆ ಬಲೆ ಹೋದಂತೆಯೇ. ಸರ್ವೆಗೆ ಮೊದಲೇ ಗೆರೆಗಳ ನಕ್ಷೆ, ದಿನಾಂಕ, ಹಡಗಿನ ರೇಡಿಯೊ ಚಾನೆಲ್, ಬಲೆ ಹಾನಿಯ ದರಪಟ್ಟಿ ಇವನ್ನು ಲಿಖಿತವಾಗಿ ಪಡೆಯುವುದು ಸಂಘದ ಕೆಲಸ.

ಪ್ರಶ್ನೆ: ಆಳಕಡಲ ಬಾವಿಯಲ್ಲಿ ಅಷ್ಟೊಂದು ಸುರಕ್ಷಾ ಕವಾಟಗಳಿರುವಾಗ ಎಣ್ಣೆ ಹೇಗೆ ಚಿಮ್ಮುತ್ತದೆ?
— ಮೆಕ್ಯಾನಿಕಲ್ ಎಂಜಿನಿಯರ್, ಬೆಂಗಳೂರು

ಉತ್ತರ: 2010ರ ಏಪ್ರಿಲ್ 20ರ ‘ಡೀಪ್‌ವಾಟರ್ ಹೊರೈಜನ್’ ಕೊರೆಯುವ ವೇದಿಕೆಯ ದುರಂತವೇ ಇದಕ್ಕೆ ಪಾಠ. ಮೆಕ್ಸಿಕೊ ಕೊಲ್ಲಿಯಲ್ಲಿ, ಸುಮಾರು 1,500 ಮೀಟರ್ ನೀರಿನಡಿಯ ಬಾವಿ. ಅದು ಉತ್ಪಾದನೆಯ ಬಾವಿಯಲ್ಲ, ಹುಡುಕಾಟದ ಬಾವಿ ಎಂಬುದು ನೆನಪಿರಲಿ. ಬಾವಿಯ ತಳಕ್ಕೆ ಹಾಕಿದ ಸಿಮೆಂಟು ಅನಿಲವನ್ನು ತಡೆಯಲಿಲ್ಲ. ಸಿಮೆಂಟು ಹಿಡಿದಿದೆಯೇ ಎಂದು ನೋಡುವ ಒತ್ತಡ ಪರೀಕ್ಷೆಯಲ್ಲಿ ಅಸಹಜ ಅಂಕಿ ಬಂದರೂ ಸಿಬ್ಬಂದಿ ಅದನ್ನು ಸರಿಯೆಂದೇ ಓದಿಕೊಂಡರು. ಆಮೇಲೆ ಭಾರದ ಕೆಸರುದ್ರವ ತೆಗೆದು ಹಗುರವಾದ ಸಮುದ್ರದ ನೀರು ತುಂಬಿದಾಗ ಕೆಳಗಿನ ಒತ್ತಡಕ್ಕೆ ಎದುರು ಬಲ ಉಳಿಯಲಿಲ್ಲ. ಕೊನೆಯ ರಕ್ಷಣೆಯಾದ ಬ್ಲೋಔಟ್ ಪ್ರಿವೆಂಟರ್ ಒಳಗಿನ ಕತ್ತರಿಗಳು ಕೊಳವೆಯನ್ನು ಕತ್ತರಿಸಿ ಬಾಯಿ ಮುಚ್ಚಬೇಕಿತ್ತು. ಕೊಳವೆ ಬಾಗಿ ಪಕ್ಕಕ್ಕೆ ಸರಿದಿದ್ದರಿಂದ ಕತ್ತರಿ ಪೂರ್ತಿ ಕೂಡಲಿಲ್ಲ. 11 ಮಂದಿ ಸತ್ತರು, 87 ದಿನ ಎಣ್ಣೆ ಹರಿಯಿತು. ಒಂದು ಹಂತದಲ್ಲಿ ಕೊಲ್ಲಿಯ ಫೆಡರಲ್ ನೀರಿನ ಮೂರನೇ ಒಂದು ಭಾಗಕ್ಕೂ ಹೆಚ್ಚು ಜಾಗದಲ್ಲಿ ಮೀನುಗಾರಿಕೆ ನಿಷೇಧವಾಗಿತ್ತು.

ಎಲ್ಲ ಅವಘಡವೂ ಬಾವಿಯ ಆಳದಿಂದಲೇ ಬರಬೇಕಿಲ್ಲ. 2005ರ ಜುಲೈ 27ರಂದು ಮುಂಬೈ ಆಚೆಯ ಕಡಲ ಎಣ್ಣೆ ವೇದಿಕೆ ಬಾಂಬೆ ಹೈ ನಾರ್ತ್‌ನಲ್ಲಿ ಗಾಯಾಳುವನ್ನು ಸಾಗಿಸಲು ಹತ್ತಿರ ಬಂದ ಸಹಾಯಕ ಹಡಗು ಅಲೆಗೆ ಸಿಕ್ಕಿ ತಳದಿಂದ ವೇದಿಕೆಗೆ ಅನಿಲ ತರುವ ರೈಸರ್ ಕೊಳವೆಗೆ ಬಡಿಯಿತು. ಅನಿಲ ಸೋರಿ ಹೊತ್ತಿಕೊಂಡು 22 ಜನ ಜೀವ ಕಳೆದುಕೊಂಡರು.

ಪ್ರಶ್ನೆ: ನಮ್ಮ ಕರ್ನಾಟಕದ ಕಡಲಿನಲ್ಲೂ ಎಣ್ಣೆ ಬಾವಿ ಬರುತ್ತದೆಯೇ? ಪ್ರತಿ ಮೇ ತಿಂಗಳಲ್ಲಿ ದಡಕ್ಕೆ ಬರುವ ಡಾಂಬರು ಉಂಡೆ ಎಲ್ಲಿಂದ?
— ಶಾಲಾ ಶಿಕ್ಷಕರು, ಕುಂದಾಪುರ

ಉತ್ತರ: ಭೂವಿಜ್ಞಾನಿಗಳ ನಕ್ಷೆಯಲ್ಲಿ ನಮ್ಮ ಕಡಲು ‘ಕೇರಳ–ಕೊಂಕಣ’ ಜಲಾನಯನದೊಳಗೆ ಬರುತ್ತದೆ. ಹುಡುಕಾಟ ನಡೆದಿದೆ, ಉತ್ಪಾದನೆ ಇಲ್ಲ. ಸದ್ಯಕ್ಕೆ ಬಿಸಿ ತಟ್ಟಿರುವುದು ದಕ್ಷಿಣದ ತುದಿಗೆ. ಕನ್ಯಾಕುಮಾರಿ ಬಳಿ ಎಣ್ಣೆ ಹುಡುಕಲು ಗುರುತಿಸಿದ ಮೂರು ಬ್ಲಾಕ್‌ಗಳು, ಒಟ್ಟು 27 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು, ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ ಪಾಲಾಗಿವೆ. ಸಮೃದ್ಧ ಮೀನಿನ ದಿಬ್ಬವಾದ ವೆಡ್ಜ್ ಬ್ಯಾಂಕ್‌ಗೆ ಇದರಿಂದ ಧಕ್ಕೆ ಎಂದು ಅಲ್ಲಿನ ಮೀನುಗಾರರು ಬೀದಿಗಿಳಿದಿದ್ದಾರೆ.

ನಮ್ಮ ದಡಕ್ಕೆ ಈ ಹೊತ್ತಿನ ಅಪಾಯ ಬಾವಿಯಲ್ಲ, ಸಾಗಣೆ. ಮಂಗಳೂರಿನ ಸಂಸ್ಕರಣಾಗಾರಕ್ಕೂ ಪಾದೂರಿನ ನೆಲದಡಿಯ ಸಂಗ್ರಹಾಗಾರಕ್ಕೂ ಕಚ್ಚಾತೈಲ ಬರುವುದು ಕಡಲ ಮೇಲಿಂದಲೇ. ದೊಡ್ಡ ಟ್ಯಾಂಕರುಗಳು ದಡದಿಂದ ದೂರದ ತೇಲು ಬೋಯಾಕ್ಕೆ ಕಟ್ಟಿಕೊಂಡು ತಳದ ಪೈಪಿಗೆ ಎಣ್ಣೆ ಇಳಿಸುತ್ತವೆ.

ಡಾಂಬರು ಉಂಡೆ ಎಂದರೆ ಕಡಲ ಮೇಲಿನ ಎಣ್ಣೆಯ ಹಗುರ ಅಂಶ ಆವಿಯಾಗಿ, ಉಳಿದದ್ದು ಮರಳು, ಕಸ ಸೇರಿ ಗಟ್ಟಿಯಾದ ಮುದ್ದೆ. ಮುಂಗಾರಿಗೆ ಸ್ವಲ್ಪ ಮೊದಲು ಗಾಳಿ ಮತ್ತು ಸೆಳೆತ ದಡದ ಕಡೆಗೆ ತಿರುಗುವುದರಿಂದ ಏಪ್ರಿಲ್‌ನಿಂದಾಚೆ ಕಾಣುತ್ತದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಎಣ್ಣೆಯ ‘ಬೆರಳಚ್ಚು’ ಹೋಲಿಸಿ ನೋಡಿದಾಗ ಕೆಲವು ಬಾಂಬೆ ಹೈ ಕಚ್ಚಾತೈಲಕ್ಕೆ, ಕೆಲವು ಟ್ಯಾಂಕರಿನ ತೊಳಕಲಿಗೆ ಹೊಂದಿದವು. ಕಾಲಿಗೆ ಮೆತ್ತಿದರೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು. ಪೆಟ್ರೋಲ್, ಸೀಮೆಎಣ್ಣೆ ಮಕ್ಕಳ ಚರ್ಮಕ್ಕೆ ಬೇಡ.

ಪ್ರಶ್ನೆ: ನಮ್ಮೂರಿನ ಮುಂದೆ ಇಂಥ ಯೋಜನೆ ಬಂದರೆ ಸಾರ್ವಜನಿಕ ಅಹವಾಲು ಸಭೆಗೆ ಏನು ತಯಾರಿ ಬೇಕು?
— ಮೀನುಗಾರರ ಸಹಕಾರಿ ಸಂಘ, ಕಾರವಾರ

ಉತ್ತರ: ಮೊದಲು ಸಭೆ ಇದೆಯೇ ಎಂದು ನೋಡಿ. ಬಹಳ ಜನ ಎಡವುವುದು ಇಲ್ಲೇ. 2020ರ ಜನವರಿ 16ರ ತಿದ್ದುಪಡಿಯಲ್ಲಿ ಕೇಂದ್ರ ಸರ್ಕಾರ ಎಣ್ಣೆ–ಅನಿಲದ ಹುಡುಕಾಟವನ್ನು, ಕಡಲಿನದ್ದನ್ನೂ ಸೇರಿಸಿ, ‘ಬಿ2’ ವರ್ಗಕ್ಕೆ ಇಳಿಸಿತು. ಬಿ2 ಎಂದರೆ ಅಹವಾಲು ಸಭೆ ಕಡ್ಡಾಯವಲ್ಲ. ಎಣ್ಣೆ ಸಿಕ್ಕು ಉತ್ಪಾದನೆಗೆ ಹೊರಟಾಗ ಮಾತ್ರ ಪೂರ್ಣ ಪ್ರಕ್ರಿಯೆ. ಅಷ್ಟು ಹೊತ್ತಿಗೆ ಕಂಪನಿ ಹಣ ಸುರಿದಿರುತ್ತದೆ, ‘ಬೇಡ’ ಎನ್ನುವುದು ಯಾರಿಗೂ ಸುಲಭವಲ್ಲ. ವೈಲ್ಡ್ ಕೋಸ್ಟ್‌ನವರು ಸರ್ವೆಯ ಹಂತದಲ್ಲೇ ಎದ್ದದ್ದು ಯಾಕೆ ಎಂಬುದಕ್ಕೆ ಇದೇ ಉತ್ತರ.

ಹುಡುಕಾಟದ ಹಂತದಲ್ಲಿ ಸಭೆಯಿಲ್ಲದಿದ್ದರೂ ಕಾಗದ ಇರುತ್ತದೆ. ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಪೋರ್ಟಲ್‌ನಲ್ಲಿ ಅರ್ಜಿ, ಬ್ಲಾಕಿನ ಅಕ್ಷಾಂಶ–ರೇಖಾಂಶ, ನಿರ್ವಹಣಾ ಯೋಜನೆ ನೋಡಿ. ಸಿಗದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ. ಉತ್ತರಕ್ಕೆ 30 ದಿನ. ಗ್ರಾಮಸಭೆ ಮತ್ತು ಸಂಘದ ನಿರ್ಣಯಗಳನ್ನು ಪರಿಶೀಲನೆ ಮುಗಿಯುವ ಮೊದಲೇ ರಾಜ್ಯದ ಪರಿಸರ ಪರಿಣಾಮ ನಿರ್ಧಾರ ಪ್ರಾಧಿಕಾರಕ್ಕೆ ಕಳಿಸಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಸಭೆ ಇದ್ದರೆ: 30 ದಿನ ಮೊದಲು ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ ಮತ್ತು ಪ್ರಾದೇಶಿಕ ಭಾಷೆಯ ಒಂದು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿರಬೇಕು, ಅದರ ಪ್ರತಿಯು ಜಿಲ್ಲಾಧಿಕಾರಿ ಕಚೇರಿಯಲ್ಲಿ ಓದಲು ಸಿಗಬೇಕು. ಅಧ್ಯಕ್ಷತೆ ಜಿಲ್ಲಾಧಿಕಾರಿಯದು, ಇಲ್ಲವೇ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನವರಲ್ಲದ ಪ್ರತಿನಿಧಿಯದು. ಇಡೀ ಸಭೆ ವಿಡಿಯೊ ಆಗಬೇಕು. ಕೋರಂ ಎಂಬುದಿಲ್ಲ. ಹತ್ತೇ ಜನ ಬಂದರೂ ಸಭೆ ‘ನಡೆಯಿತು’ ಎಂದೇ ಲೆಕ್ಕ, ಹಾಗಾಗಿ ಬಹಿಷ್ಕಾರ ಸಾಮಾನ್ಯವಾಗಿ ಕಂಪನಿಗೇ ಲಾಭ. ಕುರ್ಚಿ ಮುರಿದು ಸಭೆ ನಿಲ್ಲಿಸಿದರೆ ವಿಡಿಯೊದಲ್ಲಿ ಉಳಿಯುವುದು ಕುರ್ಚಿ ಮಾತ್ರ.

ಮಾತಾಡುವವರು ವಿಷಯ ಹಂಚಿಕೊಳ್ಳಿ. ಒಬ್ಬರು ಯಾವ ತಿಂಗಳು, ಎಷ್ಟು ಮಾರು ಆಳದಲ್ಲಿ, ಯಾವ ಬಲೆ ಎಂದು ಹೇಳಲಿ. ಇನ್ನೊಬ್ಬರು ಒಣಮೀನು, ಮಂಜುಗಡ್ಡೆ, ಬುಟ್ಟಿ ವ್ಯಾಪಾರದ ಹೆಂಗಸರ ಲೆಕ್ಕ ಹೇಳಲಿ. ವರದಿಗಳಲ್ಲಿ ಈ ಹೆಂಗಸರು ಕಾಣಿಸುವುದೇ ಇಲ್ಲ. ಮತ್ತೊಬ್ಬರು ವರದಿಯ ಪುಟಸಂಖ್ಯೆ ಹಿಡಿದು ಲೋಪ ತೋರಿಸಲಿ. ಹೇಳಿದ್ದನ್ನೆಲ್ಲ ಲಿಖಿತವಾಗಿಯೂ ಕೊಡಿ. ಮಂಜೂರಾತಿ ಬಂದರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ 30 ದಿನದೊಳಗೆ. ತಕ್ಕ ಕಾರಣವಿದ್ದರೆ ಇನ್ನೂ 60 ದಿನ. 91ನೇ ದಿನ ಹೋದರೆ ಎಷ್ಟೇ ಒಳ್ಳೆಯ ವಾದವಿದ್ದರೂ ಬಾಗಿಲು ತೆರೆಯುವುದಿಲ್ಲ.

ಪ್ರಶ್ನೆ: ಎಣ್ಣೆ ಬೇಡ, ಗಣಿ ಬೇಡ ಎಂದರೆ ಬಡ ದೇಶಗಳು ಬದುಕುವುದು ಹೇಗೆ? ‘ಹಸಿರು ಆರ್ಥಿಕತೆ’ ಎನ್ನುವುದು ಉಳ್ಳವರ ಮಾತಲ್ಲವೇ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಉತ್ತರ: ದಕ್ಷಿಣ ಆಫ್ರಿಕಾದ ಆಗಿನ ಇಂಧನ ಸಚಿವ ಗ್ವೇಡೆ ಮಂಟಾಶೆ ಇದಕ್ಕಿಂತ ಖಾರವಾಗಿಯೇ ಕೇಳಿದ್ದರು, ಈ ವಿರೋಧವನ್ನು ವರ್ಣಭೇದ ಮತ್ತು ವಸಾಹತುಶಾಹಿಯ ಹೊಸ ಅವತಾರ ಎಂಬರ್ಥದಲ್ಲಿ ಜರೆದರು. ನಿರುದ್ಯೋಗ ಹೆಚ್ಚಿರುವ ದೇಶದಲ್ಲಿ ಆ ಮಾತನ್ನು ತಳ್ಳಿಹಾಕಲಾಗದು. ಆದರೆ ಹುಡುಕಾಟದ ಹಡಗಿಗೆ ಬೇಕಾಗುವುದು ತರಬೇತಾದ ಕೆಲವೇ ಸಿಬ್ಬಂದಿ. ದಡದ ಹಳ್ಳಿಗೆ ಅಲ್ಲಿ ಸಿಗುವ ಕೆಲಸ ಅತ್ಯಲ್ಪ. ಅಮಾದಿಬಾದವರು ಎದುರಿಗಿಟ್ಟದ್ದು ಗೆಣಸಿನ ಬೇಸಾಯ, ಕಡಲ ಮೀನು, ಚಾರಣಿಗರಿಗೆ ಊರಿನವರೇ ಊಟ–ವಸತಿ ಕೊಡುವ ಪ್ರವಾಸೋದ್ಯಮ. ದೊಡ್ಡ ಅಂಕಿಗಳಲ್ಲ, ಹೌದು. ಅವು ಪ್ರತಿ ತಿಂಗಳೂ ಮನೆಗೆ ಬರುವ ದುಡ್ಡು.

ಬ್ಯಾಂಕಿನವರಾದ ನಿಮಗೆ ಮಧ್ಯ ಅಮೆರಿಕದ ಬೆಲೀಜ್ ಹೆಚ್ಚು ಕುತೂಹಲ ತಂದೀತು. ಜನಸಂಖ್ಯೆ ನಾಲ್ಕು ಲಕ್ಷದ ಆಸುಪಾಸು, ಎದುರಿಗೆ ಸುಮಾರು 300 ಕಿಲೋಮೀಟರ್ ಹವಳದ ದಿಬ್ಬ. ಸರ್ಕಾರ ಆ ಕಡಲನ್ನು ಎಣ್ಣೆ ಕಂಪನಿಗಳಿಗೆ ಹಂಚಿತ್ತು. ಜನಮತಗಣನೆ ಬೇಕೆಂದು ಪರಿಸರ ಸಂಘಟನೆಗಳು 20 ಸಾವಿರಕ್ಕೂ ಹೆಚ್ಚು ಸಹಿ ಕೂಡಿಸಿದರೆ, ಸಹಿ ಹೊಂದುವುದಿಲ್ಲ ಎಂಬಂಥ ಕಾರಣ ಕೊಟ್ಟು ಅಧಿಕಾರಿಗಳು ಸುಮಾರು 8 ಸಾವಿರವನ್ನು ತಿರಸ್ಕರಿಸಿದರು. (ಸಹಿ ಅಭಿಯಾನ ಮಾಡುವವರು ಮತದಾರರ ಪಟ್ಟಿ ಪಕ್ಕದಲ್ಲಿಟ್ಟುಕೊಂಡೇ ಸಹಿ ಹಾಕಿಸಬೇಕು ಎನ್ನುವುದು ಇದಕ್ಕೇ.) 2012ರ ಫೆಬ್ರವರಿ 29ರಂದು ಅವರು ತಾವೇ ಮತಪೆಟ್ಟಿಗೆ ಇಟ್ಟು ಮತ ತೆಗೆದರು, ಶೇ. 96 ಮಂದಿ ಕಡಲ ಎಣ್ಣೆ ಬೇಡ ಎಂದರು. ಕಾನೂನಿನ ಬಲ ಅದಕ್ಕಿರಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್, ಪರಿಸರ ಅಧ್ಯಯನವಿಲ್ಲದೆ, ಕಂಪನಿಗಳ ತಾಕತ್ತು ನೋಡದೆ ಮಾಡಿದ ಗುತ್ತಿಗೆಗಳು ಅಸಿಂಧು ಎಂದಿತು. 2017ರ ಕೊನೆಯಲ್ಲಿ ಇಡೀ ಕಡಲಿನಲ್ಲಿ ಎಣ್ಣೆ ಚಟುವಟಿಕೆ ನಿಲ್ಲಿಸುವ ಕಾಯಿದೆ ಬಂತು. ಮರುವರ್ಷ ಯುನೆಸ್ಕೊ ಆ ದಿಬ್ಬವನ್ನು ಅಪಾಯದಲ್ಲಿರುವ ವಿಶ್ವ ಪರಂಪರೆ ತಾಣಗಳ ಪಟ್ಟಿಯಿಂದ ತೆಗೆಯಿತು.

ದುಡ್ಡಿನ ಭಾಗ ಬಂದದ್ದು 2021ರ ನವೆಂಬರಿನಲ್ಲಿ. ಬೆಲೀಜ್‌ನ 55.3 ಕೋಟಿ ಡಾಲರಿನ ಬಾಂಡ್ ಸಾಲ ಮಾರುಕಟ್ಟೆಯಲ್ಲಿ ಬೆಲೆ ಕಳೆದುಕೊಂಡಿತ್ತು. 36.4 ಕೋಟಿ ಡಾಲರಿನ ಹೊಸ, ವಿಮೆಯುಳ್ಳ ಸಾಲ ಪಡೆದು ಹಳೆಯದನ್ನು ಡಾಲರಿಗೆ 55 ಸೆಂಟಿನಂತೆ ಕೊಂಡು ತೀರಿಸಿದರು. ಪ್ರತಿಯಾಗಿ 2026ರೊಳಗೆ ಕಡಲಿನ ಶೇ. 30 ಭಾಗಕ್ಕೆ ರಕ್ಷಣೆ, ಇಪ್ಪತ್ತು ವರ್ಷ ಸಂರಕ್ಷಣೆಗೆ ವರ್ಷಕ್ಕೆ ಸರಾಸರಿ 42 ಲಕ್ಷ ಡಾಲರ್ ಎಂಬ ವಾಗ್ದಾನ. ಒಳ್ಳೆಯ ವ್ಯವಹಾರವೇ, ಆದರೆ ಪವಾಡವಲ್ಲ. ಸಾಲ ಹೋಗಲಿಲ್ಲ, ಕಡಿಮೆಯಾಯಿತು. ರಕ್ಷಣೆಯ ಗೆರೆ ಎಲ್ಲಿ ಎಳೆಯುತ್ತಾರೆ ಎಂಬುದನ್ನು ಮೀನುಗಾರರನ್ನು ಬಿಟ್ಟು ತೀರ್ಮಾನಿಸಿದರೆ, ಎಣ್ಣೆ ಕಂಪನಿ ಮಾಡಿದ ತಪ್ಪನ್ನೇ ಹಸಿರು ಬಣ್ಣದಲ್ಲಿ ಮಾಡಿದಂತಾಗುತ್ತದೆ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘದವರು ಅಳಿವೆಯಲ್ಲಿ ಪಚ್ಚಿಲೆ (ತಿನ್ನುವ ಹಸಿರು ಚಿಪ್ಪುಜೀವಿ) ಬೆಳೆಸಬೇಕೆಂದಿದ್ದೇವೆ. ಲೆಕ್ಕ ಹೇಳುವಿರಾ? ಕಡಲಪಾಚಿ ಒಳ್ಳೆಯದೋ ಇದೋ?
— ಮಹಿಳಾ ಸ್ವಸಹಾಯ ಸಂಘ, ಕುಮಟಾ

ಉತ್ತರ: ಜಾಗ ಮೊದಲು. ಇಳಿತದಲ್ಲೂ ಒಂದೂವರೆ–ಎರಡು ಮೀಟರ್ ನೀರು ನಿಲ್ಲಬೇಕು, ಅಳಿವೆಬಾಯಿಗೆ ಹತ್ತಿರವಿದ್ದು ನೀರು ಉಪ್ಪಾಗಿರಬೇಕು, ದೋಣಿಯ ದಾರಿಯಾಗಿರಬಾರದು. ಮೀನುಗಾರಿಕೆ ಇಲಾಖೆಯ ಮತ್ತು ಪಂಚಾಯಿತಿಯ ಒಪ್ಪಿಗೆ ಬರಹದಲ್ಲಿರಲಿ. ಬೆಳಚು ಎಂಬ ಚಿಪ್ಪುಜೀವಿ ಹೆಕ್ಕುವವರ ಜಾಗದಲ್ಲಿ ಕಂಬ ನೆಟ್ಟರೆ ಜಗಳ ನಿಮ್ಮ ಮನೆಗೇ ಬರುತ್ತದೆ.

ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚಪ್ಪರ ಒಂದು ಘಟಕ. ಬಿದಿರು ಇಲ್ಲವೇ ಗಾಳಿಮರದ ಕಂಬ ನೆಟ್ಟು, ಅಡ್ಡಗಳ ಕಟ್ಟಿ, ಒಂದೊಂದು ಮೀಟರಿನ ನೂರು ಹಗ್ಗ ಇಳಿಬಿಡಬಹುದು. ಹಗ್ಗ 12–14 ಮಿ.ಮೀ. ನೈಲಾನ್. ಮಳೆ ಕಡಿಮೆಯಾದ ಮೇಲೆ ಬಂಡೆಗಳಿಂದ ಎರಡು–ಎರಡೂವರೆ ಸೆಂಟಿಮೀಟರಿನ ಮರಿ ತಂದು, ತೊಳೆದು, ಬೇರೆ ಚಿಪ್ಪು ಆರಿಸಿ ತೆಗೆಯಿರಿ. 25 ಸೆಂ.ಮೀ. ಅಗಲದ ಹತ್ತಿಯ ಸೊಳ್ಳೆಪರದೆ ಬಟ್ಟೆ ಹಾಸಿ, ನಡುವೆ ಹಗ್ಗ ಇಟ್ಟು, ಸುತ್ತ 500ರಿಂದ 750 ಗ್ರಾಂ ಮರಿ ಹರಡಿ ಹೊಲಿಯಿರಿ. ಮರಿಗಳು ತಮ್ಮ ನಾರಿನಿಂದ ಹಗ್ಗಕ್ಕೆ ಅಂಟಿಕೊಳ್ಳುತ್ತವೆ, ಬಟ್ಟೆ ತಾನಾಗಿ ಕೊಳೆತು ಉದುರುತ್ತದೆ. ನೈಲಾನ್ ಪರದೆ ಬಳಸಿದರೆ ಕೊಳೆಯದು, ಮರಿಗಳು ಒಳಗೇ ಉಸಿರುಗಟ್ಟುತ್ತವೆ. ನೂರು ಹಗ್ಗಕ್ಕೆ 50ರಿಂದ 75 ಕಿಲೋ ಮರಿ ಬೇಕು. ಐದಾರು ತಿಂಗಳಿಗೆ ಮೀಟರಿಗೆ 8ರಿಂದ 12 ಕಿಲೋ, ಅಂದರೆ ಚಪ್ಪರಕ್ಕೆ ಒಂದು ಟನ್ ಆಸುಪಾಸು ಚಿಪ್ಪುಸಹಿತ ಬೆಳೆ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಮರಿ ಹೆಚ್ಚು ತುಂಬಿದರೆ ಬೆಳೆಯುತ್ತ ಗೊಂಚಲು ಜಾರಿ ತಳಕ್ಕೆ ಬೀಳುತ್ತದೆ. ಹಗ್ಗದ ತುದಿ ತಳ ಮುಟ್ಟಿದರೆ ಏಡಿ ಹತ್ತುತ್ತದೆ. ಕೊಯ್ಲು ತಡವಾದರೆ ಮೊದಲ ಮಳೆಯ ಸಿಹಿನೀರಿಗೆ ಇಡೀ ಬೆಳೆ ಬಾಯಿಬಿಡುತ್ತದೆ. ಆದ್ದರಿಂದ ಮೇ ಮಧ್ಯದೊಳಗೆ ಎತ್ತಿಬಿಡಿ, ದರ ಏರಲಿ ಎಂದು ಕಾಯಬೇಡಿ. ಮಾರುವ ಮೊದಲು 24 ಗಂಟೆ ಶುದ್ಧ ಸಮುದ್ರದ ನೀರಿನಲ್ಲಿಟ್ಟು ಹೊಟ್ಟೆಯ ಮರಳು, ಕೊಳೆ ಬಿಡಿಸಿ. ಈ ಜೀವಿ ಗಂಟೆಗೆ ಲೀಟರುಗಟ್ಟಲೆ ನೀರು ಸೋಸಿ ತಿನ್ನುವಂಥದು; ನೀರಿನಲ್ಲಿ ತೆಳುವಾಗಿ ಎಣ್ಣೆ ಹರಡಿದರೂ ಮಾಂಸಕ್ಕೆ ಸೀಮೆಎಣ್ಣೆ ವಾಸನೆ ಹತ್ತಿ ಮಾರಾಟ ನಿಲ್ಲುತ್ತದೆ.

ಪಾಚಿಯ ಲೆಕ್ಕ: ತಮಿಳುನಾಡಿನಲ್ಲಿ 12 ಅಡಿ ಚೌಕದ ಬಿದಿರಿನ ತೆಪ್ಪಕ್ಕೆ 60 ಕಿಲೋ ಬಿತ್ತನೆ ಕಟ್ಟಿ, 45 ದಿನಕ್ಕೆ ಸುಮಾರು 240–260 ಕಿಲೋ ಕಪ್ಪಾಫೈಕಸ್ ಎಂಬ ಪಾಚಿ ತೆಗೆಯುತ್ತಾರೆ. ಒಣಗಿಸಿದರೆ ಹತ್ತನೇ ಒಂದು ಭಾಗ. ಅದು ಹೊರನಾಡಿನ ಜಾತಿ, ಮನ್ನಾರ್ ಕೊಲ್ಲಿಯಲ್ಲಿ ಹವಳದ ಮೇಲೆ ಹಬ್ಬಿದ್ದೂ ಇದೆ. ನಮ್ಮ ಕಡೆಯ ಮುಂಗಾರಿನ ಅಬ್ಬರಕ್ಕೆ ತೆಪ್ಪ ನಿಲ್ಲುವುದಿಲ್ಲ. ಶುರುಮಾಡುವವರಿಗೆ ಪಚ್ಚಿಲೆಯೇ ವಾಸಿ.

ಪ್ರಶ್ನೆ: ಬಲೆಗೆ ಎಣ್ಣೆ ಮೆತ್ತಿದರೆ ಪರಿಹಾರ ಕೇಳುವುದು ಯಾರನ್ನು? ಪುರಾವೆ ಹೇಗೆ ಇಟ್ಟುಕೊಳ್ಳಬೇಕು?
— ತಾಂಡೇಲರೊಬ್ಬರು, ಮಲ್ಪೆ

ಉತ್ತರ: ಕೋಸ್ಟ್ ಗಾರ್ಡ್‌ನ 1554ಕ್ಕೆ ಕರೆಮಾಡಿ ಜಾಗದ ಜಿಪಿಎಸ್ ಅಂಕಿ ಹೇಳಿ. ಬಲೆ ತೊಳೆಯುವ ಮೊದಲು ಫೋಟೊ ತೆಗೆಯಿರಿ, ಮೀನುಗಾರಿಕೆ ಇಲಾಖೆಯವರಿಂದ ಮಹಜರು ಮಾಡಿಸಿ. ಎಣ್ಣೆಯ ಮಾದರಿಯನ್ನು ಗಾಜಿನ ಶೀಶೆಯಲ್ಲಿ ಹಿಡಿಯಿರಿ. ಪ್ಲಾಸ್ಟಿಕ್ ಬಾಟಲಿಯಿಂದ ಅದರದೇ ರಾಸಾಯನಿಕ ಎಣ್ಣೆಗೆ ಸೇರಿ ಪರೀಕ್ಷೆ ಕೆಡುತ್ತದೆ. ಮುಚ್ಚಳದೊಳಗೆ ಅಲ್ಯೂಮಿನಿಯಂ ಹಾಳೆ ಇಡಿ. ಎರಡು ಶೀಶೆ ತುಂಬಿ, ದಿನಾಂಕ, ಸಮಯ, ಜಾಗ, ಇಬ್ಬರು ಸಾಕ್ಷಿಗಳ ಸಹಿಯ ಚೀಟಿ ಅಂಟಿಸಿ, ಐಸ್‌ಪೆಟ್ಟಿಗೆಯಲ್ಲಿ ಕತ್ತಲಲ್ಲಿಡಿ. ಒಂದು ಅಧಿಕಾರಿಗೆ, ಇನ್ನೊಂದು ನಿಮ್ಮ ಸಂಘಕ್ಕೆ.

ಯಾರನ್ನು ಕೇಳುವುದು ಎಂಬುದು ಎಣ್ಣೆಯ ಮೂಲದ ಮೇಲೆ. ಟ್ಯಾಂಕರಿನ ಸರಕಿನದಾದರೆ ಭಾರತ ಸೇರಿರುವ 1992ರ ಅಂತರರಾಷ್ಟ್ರೀಯ ತೈಲ ಮಾಲಿನ್ಯ ಪರಿಹಾರ ನಿಧಿ ಇದೆ. ಹಾಳಾದ ಬಲೆಗಷ್ಟೇ ಅಲ್ಲ, ಕಡಲಿಗೆ ಇಳಿಯಲಾಗದೆ ಹೋದ ಆದಾಯಕ್ಕೂ ಕೇಳಬಹುದು, ನಷ್ಟವಾದ ಮೂರು ವರ್ಷದೊಳಗೆ. ಎಣ್ಣೆ ಬಾವಿಯಿಂದ ಬಂದ ಸೋರಿಕೆಗೆ ಆ ನಿಧಿ ಅನ್ವಯಿಸದು. ಆಗ ಹಸಿರು ನ್ಯಾಯಮಂಡಳಿಯೇ ದಾರಿ, ಐದು ವರ್ಷದ ಗಡುವು.

ಅರ್ಜಿ ಬೀಳುವುದು ಹೆಚ್ಚಾಗಿ ಎಣ್ಣೆಯ ಪುರಾವೆ ಇಲ್ಲದೆ ಅಲ್ಲ, ಹಿಂದಿನ ವರ್ಷ ಎಷ್ಟು ಹಿಡಿದಿದ್ದಿರಿ ಎಂಬುದಕ್ಕೆ ದಾಖಲೆ ಇಲ್ಲದೆ. ಒಂದು ನೋಟುಬುಕ್ ಸಾಕು: ದಿನಾಂಕ, ಹೊರಟ–ಬಂದ ಹೊತ್ತು, ಜಾಗದ ಅಂಕಿ, ಬಲೆ, ಡೀಸೆಲ್ ಲೀಟರ್, ಬಂಗುಡೆ ಎಷ್ಟು ಕಿಲೋ, ಅಂಜಲ್ ಎಷ್ಟು, ಹರಾಜಿನ ದರ. ಹರಾಜು ಚೀಟಿಯನ್ನು ಅದೇ ಪುಟಕ್ಕೆ ಪಿನ್ ಮಾಡಿ, ತಿಂಗಳಿಗೊಮ್ಮೆ ಸಂಘದ ಮುದ್ರೆ ಹಾಕಿಸಿ. ಪೆನ್ಸಿಲಿನಲ್ಲಿ ಬರೆಯಬೇಡಿ, ತಿದ್ದಿದ್ದು ಎನ್ನುತ್ತಾರೆ.